ಭ್ರೂಣ ಒಂದು ಹಾಕಿಸಲಾ, ಎರಡಾ?

ಪ್ರಶ್ನೆ: ನನಗೆ 31 ವರ್ಷ. ಮೊದಲ ಸಲ ಐವಿಎಫ್ (ಅಂಡ, ವೀರ್ಯ ಲ್ಯಾಬಲ್ಲಿ ಸೇರಿಸಿ ಭ್ರೂಣ ಮಾಡುವ ಚಿಕಿತ್ಸೆ) ಮಾಡಿಸುತ್ತಿದ್ದೇವೆ. ಐದನೇ ದಿನಕ್ಕೆ ನಾಲ್ಕು ಒಳ್ಳೆ ಭ್ರೂಣ ಸಿಕ್ಕಿವೆ. ಡಾಕ್ಟರು ಒಂದೇ ಹಾಕೋಣ ಅನ್ನುತ್ತಾರೆ. ನಮ್ಮತ್ತೆ, ಎರಡು ಹಾಕಿಸ್ಕೋ, ಅವಳಿ ಆದರೆ ಒಂದೇ ಖರ್ಚಲ್ಲಿ ಮುಗಿಯುತ್ತೆ ಅನ್ನುತ್ತಾರೆ. ಒಂದೇ ಹಾಕಿಸಿ ನಿಲ್ಲದಿದ್ದರೆ?

ಉತ್ತರ: ಒಂದೇ ಹಾಕಿಸಿ. ಅತ್ತೆಯವರ ಲೆಕ್ಕ ತಪ್ಪೇನಲ್ಲ, ಆದರೆ ಅರ್ಧ ಲೆಕ್ಕ. ಅವಳಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ತೀರಾ ಬೇಗ ಹುಟ್ಟಿದರೆ ಒಂದೂವರೆ ಕೆಜಿಯ ಎರಡು ಕೂಸು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ಮೂಗಿನಲ್ಲಿ ಸಣ್ಣ ನಳಿಗೆ, ನೀವು ಹೊಲಿಗೆ ನೋವಲ್ಲೇ ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಕಳಿಸುತ್ತಾ ಕೂರಬೇಕು. ಅಲ್ಲಿನ ಬಿಲ್ ದಿನದ ಲೆಕ್ಕದಲ್ಲಿ ಏರುತ್ತೆ. ಬಸುರಿಯಲ್ಲಿ ಬಿಪಿ ಏರುವುದು, ಹೆರಿಗೆಯಾದ ಮೇಲೆ ರಕ್ತಸ್ರಾವ, ಇವೂ ಅವಳಿಯಲ್ಲಿ ಜಾಸ್ತಿ.

ಇನ್ನು ನಿಲ್ಲದಿದ್ದರೆ ಅನ್ನೋ ಭಯ. ಸ್ವೀಡನ್ ಮತ್ತು ಅದರ ಸುತ್ತಮುತ್ತಲ ದೇಶಗಳಲ್ಲಿ 36 ವರ್ಷ ತುಂಬದ ಹೆಂಗಸರ ಮೇಲೆ ಒಂದು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಒಟ್ಟಿಗೆ ಎರಡು ಭ್ರೂಣ. ಇನ್ನೊಂದಕ್ಕೆ ಮೊದಲು ಒಂದು, ಅದು ಫಲಿಸದಿದ್ದರೆ ಫ್ರೀಜ್ ಮಾಡಿಟ್ಟಿದ್ದ ಮತ್ತೊಂದು. ಮಗು ಪಡೆದವರು ಮೊದಲ ಗುಂಪಲ್ಲಿ ನೂರಕ್ಕೆ ಸುಮಾರು 43, ಎರಡನೆಯದರಲ್ಲಿ 39. ಆದರೆ ಹೆತ್ತವರಲ್ಲಿ ಅವಳಿ ಪಡೆದವರ ಸಂಖ್ಯೆ ನೋಡಿ: ಅಲ್ಲಿ ನೂರಕ್ಕೆ 33, ಇಲ್ಲಿ ಒಂದೂ ಇಲ್ಲ ಅನ್ನುವಷ್ಟು. ಅಂದರೆ ನಿಮ್ಮ ಎರಡನೇ ಭ್ರೂಣ ಎಲ್ಲೂ ಹೋಗಲ್ಲ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ತನ್ನ ಸರದಿ ಕಾಯುತ್ತಾ ಕೂತಿರುತ್ತೆ, ಮತ್ತೆ ಅಂಡ ತೆಗೆಸುವ ಇಂಜೆಕ್ಷನ್ನುಗಳ ಗೋಳೂ ಇಲ್ಲ.

ವಯಸ್ಸು 40ರ ಹತ್ತಿರ, ಹಿಂದೆ ಒಳ್ಳೆ ಭ್ರೂಣ ಹಾಕಿಸಿಯೂ ನಿಂತಿಲ್ಲ ಅಂದರೆ ಎರಡರ ಮಾತು ಬೇರೆ. ನಿಮ್ಮದು ಆ ಕೇಸಲ್ಲ. ಹಾಗಂತ ಒಂದು ಹಾಕಿದರೆ ಅವಳಿ ಆಗೋದೇ ಇಲ್ಲ ಅಂತಲೂ ಅಲ್ಲ, ಅಪರೂಪಕ್ಕೆ ಆ ಒಂದೇ ಒಡೆದು ಎರಡಾಗುತ್ತೆ.

ಅಂದಹಾಗೆ, ಐವಿಎಫ್‌ಗಿಂತ ಅಂಡ ಬೆಳೆಸುವ ಇಂಜೆಕ್ಷನ್ ಕೊಟ್ಟು, ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಐಯುಐನಲ್ಲಿ ತ್ರಿವಳಿ ತಡೆಯೋದು ಕಷ್ಟ, ಯಾಕಂದ್ರೆ ಅಲ್ಲಿ ಎಷ್ಟು ಅಂಡ ಫಲಿಸುತ್ತವೆ ಅನ್ನೋದು ಡಾಕ್ಟರ ಕೈಲಿಲ್ಲ. ಸ್ಕ್ಯಾನಲ್ಲಿ ಮೂರು ನಾಲ್ಕು ದೊಡ್ಡ ಫಾಲಿಕಲ್ (ಅಂಡ ಬೆಳೆಯುವ ಚೀಲ) ಕಂಡು, ಈ ತಿಂಗಳು ಬೇಡ ಅಂತ ಡಾಕ್ಟರು ಅಂದರೆ ಜಗಳ ಆಡಬೇಡಿ.

ಭ್ರೂಣ ಹಾಕುವ ಮೊದಲು ಇಷ್ಟು ಕೇಳಿಕೊಳ್ಳಿ: ಫ್ರೀಜ್ ಮಾಡಿದ್ದನ್ನು ಕರಗಿಸುವಾಗ ನಿಮ್ಮ ಲ್ಯಾಬಲ್ಲಿ ನೂರಕ್ಕೆ ಎಷ್ಟು ಭ್ರೂಣ ಬದುಕುಳಿಯುತ್ತವೆ, ವರ್ಷಕ್ಕೆ ಫ್ರೀಜಿಂಗ್ ಬಾಡಿಗೆ ಎಷ್ಟು. ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಅವರೂ ಕೇಳಲಿ.