ಮುಖ ನೋಡಲು ಬಿಡಬಹುದಿತ್ತೇ?

ಹಾವೇರಿ ಜಿಲ್ಲೆಯ ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. 2021ರ ಮೇ ತಿಂಗಳಲ್ಲಿ ಅವರ ತಂದೆ ಕೋವಿಡ್‌ನಿಂದ ತೀರಿಕೊಂಡರು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಶರೀರ ಆಸ್ಪತ್ರೆಯಿಂದ ನೇರವಾಗಿ ಸ್ಮಶಾನಕ್ಕೆ ಹೋಯಿತು, ಮನೆಯವರು ದೂರ ನಿಂತರು, ಅರ್ಧ ಗಂಟೆಯಲ್ಲಿ ಮಣ್ಣು ಮುಗಿಯಿತು. ಲಿಂಗಾಯತ ಪದ್ಧತಿಯಂತೆ ಕೂಡಿಸಿ ಮಣ್ಣು ಮಾಡಲು ಆಗಲಿಲ್ಲ ಎಂಬ ಕೊರಗು ಉಳಿದಿದೆ. ‘ಚೀಲದಾಗ ಇದ್ದದ್ದು ನಿಮ್ಮಪ್ಪನ ಹೌದೋ ಅಲ್ಲೋ ಅಂತ ಅವ್ವ ಇವತ್ತಿಗೂ ಕೇಳತಾಳ’ ಎಂದು ಬರೆದಿದ್ದಾರೆ. ಅವರ ಪ್ರಶ್ನೆಗಳು ಮೂರು: ಮುಖ ತೋರಿಸಬಹುದಿತ್ತೇ? ಇಂಥ ರೋಗ ಮತ್ತೆ ಬಂದರೆ ಊರಿನವರು ಏನು ತಿಳಿದಿರಬೇಕು? ಸ್ಮಶಾನದ ಪಕ್ಕದ ಬಾವಿಯ ನೀರು ಕುಡಿಯಬಹುದೇ?

ಮಾನ್ಯರೇ,

ಮೊದಲು ನಿಮ್ಮ ತಾಯಿಯ ಮಾತಿಗೆ ಬರುತ್ತೇವೆ. ಮುಖ ತೋರಿಸಬಹುದಿತ್ತು. ಇದು ಎಲ್ಲ ಮುಗಿದ ಮೇಲೆ ಹೊಳೆದ ಬುದ್ಧಿಯಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್ 15ರಂದು ಹೊರಡಿಸಿದ ಮಾರ್ಗಸೂಚಿಯಲ್ಲೇ ಅದು ಇತ್ತು. ಸಿಬ್ಬಂದಿ ಮುಖದ ಕಡೆಯ ಜಿಪ್ ಸರಿಸಿ ಬಂಧುಗಳಿಗೆ ಕೊನೆಯ ದರ್ಶನ ಮಾಡಿಸಬಹುದು. ಧರ್ಮಗ್ರಂಥ ಓದುವುದು, ತೀರ್ಥ ಚಿಮುಕಿಸುವುದು ಮುಂತಾದ, ಶರೀರವನ್ನು ಮುಟ್ಟದೆ ಮಾಡುವ ವಿಧಿಗಳನ್ನು ನಡೆಸಬಹುದು. ಮನೆಯವರು ತಂದ ಬಟ್ಟೆಯನ್ನು ಚೀಲಕ್ಕೆ ಹೊದಿಸಬಹುದು. ಬೇಡವೆಂದು ಹೇಳಿದ್ದು ಸ್ನಾನ, ಮುತ್ತು, ಅಪ್ಪುಗೆ ಮತ್ತು ಜನಜಂಗುಳಿಯನ್ನು ಮಾತ್ರ. ಇಷ್ಟು ಸ್ಪಷ್ಟವಾಗಿ ಬರೆದಿದ್ದ ಕಾಗದ ಎಷ್ಟೋ ಶವಾಗಾರಗಳ ಬಾಗಿಲವರೆಗೂ ತಲುಪಲಿಲ್ಲ. ತಲುಪಿದ ಕಡೆಯೂ ಭಯ ಅದನ್ನು ಓದಗೊಡಲಿಲ್ಲ.

ಮುಖ ನೋಡಿದರೆ ಅಪಾಯವಿಲ್ಲ ಎನ್ನಲು ಕಾರಣ ಸರಳ. ಕೋವಿಡ್ ಹರಡುವುದು ಮುಖ್ಯವಾಗಿ ಉಸಿರಿನಿಂದ, ಕೆಮ್ಮಿನಿಂದ, ಮಾತಿನಿಂದ. ಸತ್ತವರು ಉಸಿರಾಡುವುದಿಲ್ಲ. ಉಳಿಯುವ ಅಪಾಯ ಬಾಯಿ ಮೂಗಿನಿಂದ ಒಸರುವ ದ್ರವದಲ್ಲಿ, ಮತ್ತು ಶರೀರವನ್ನು ಎತ್ತುವಾಗ, ಹೊರಳಿಸುವಾಗ ಎದೆಗೂಡು ಒತ್ತಿ ಹೊರಬರುವ ಗಾಳಿಯಲ್ಲಿ. ಆ ಹೊತ್ತಿಗೆ ತೀರಿಕೊಂಡವರ ಬಾಯಿ ಮೂಗಿನ ಮೇಲೆ ಒಂದು ಬಟ್ಟೆ ಇರಬೇಕು. 2020ರಲ್ಲಿ ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರಲ್ಲಿ, ಸತ್ತು 18 ಗಂಟೆಯಾದ ಕೋವಿಡ್ ರೋಗಿಯ ಶವಪರೀಕ್ಷೆ ನಡೆಯಿತು. ಮೂಗು ಗಂಟಲಿನ ಮಾದರಿಯಲ್ಲಿ ವೈರಸ್ ಸಿಕ್ಕಿತು, ಮುಖ ಕತ್ತಿನ ಚರ್ಮದ ಮೇಲೆ ಸಿಗಲಿಲ್ಲ. ಒಂದು ಶವದಿಂದ ಇಡೀ ಲೋಕಕ್ಕೆ ತೀರ್ಮಾನ ಹೇಳಲಾಗದು, ಆದರೂ ಎಚ್ಚರ ಎಲ್ಲಿ ಬೇಕು ಎಂಬುದನ್ನು ಅದು ಸರಿಯಾಗಿಯೇ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯಂತೂ ಕೋವಿಡ್ ಶವಕ್ಕೆ ಚೀಲ ಕಡ್ಡಾಯವಲ್ಲ, ದ್ರವ ಹೆಚ್ಚು ಸೋರುತ್ತಿದ್ದರೆ ಬಳಸಿ ಎಂದಿತು. ಗೌನು, ಗ್ಲೌಸ್, ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕಿಕೊಂಡವರು ಸ್ನಾನ ಮಾಡಿಸಬಹುದು ಎಂದೂ ಹೇಳಿತು. ನಮ್ಮ ಸರ್ಕಾರ ಅಷ್ಟು ದೂರ ಹೋಗಲಿಲ್ಲ. ಆದರೆ ಮುಖ ತೋರಿಸುವ ವಿಷಯದಲ್ಲಿ ಇಬ್ಬರದೂ ಒಂದೇ ಮಾತು. ಸ್ಮಶಾನದಲ್ಲಿ ನಿಜವಾದ ಅಪಾಯವಿದ್ದದ್ದು ಒಬ್ಬರನ್ನೊಬ್ಬರು ತಬ್ಬಿ ಅಳುವ, ಒಂದೇ ವಾಹನದಲ್ಲಿ ಒತ್ತಿ ಕೂರುವ ಬದುಕಿರುವವರ ನಡುವೆ.

ಇನ್ನು ಎರಡನೆಯ ಪ್ರಶ್ನೆ. ಮುಂದೆ ಬರುವ ರೋಗ ಕೋವಿಡ್‌ನಂತೆಯೇ ಇರಬೇಕೆಂದಿಲ್ಲ. ಆದ್ದರಿಂದ ನಿಮ್ಮ ಪಂಚಾಯಿತಿ ಆರೋಗ್ಯಾಧಿಕಾರಿಯನ್ನು ಮೊದಲು ಕೇಳಬೇಕಾದದ್ದು ‘ಇದು ಹರಡುವುದು ಯಾವುದರಿಂದ?’ ಎಂದು. ಕಾಲರಾದಲ್ಲಿ ಸತ್ತವರ ಕರುಳಿನ ನೀರು ಸೋರುತ್ತದೆ. ಸ್ನಾನ ಮಾಡಿಸಿದವರೇ ಹೋಗಿ ತಿಥಿಯ ಅಡುಗೆಗೆ ಕೈಹಾಕಿದರೆ ಊರಿಗೆ ಊರೇ ಮಲಗುತ್ತದೆ. ಅಲ್ಲಿ ಕ್ಲೋರಿನ್ ನೀರಲ್ಲಿ ಅದ್ದಿದ ಹತ್ತಿಯಿಂದ ಬಾಯಿ, ಗುದದ್ವಾರ ಮುಚ್ಚಬೇಕು, ಹೆಣ ತೊಳೆದವರನ್ನು ಒಲೆಯ ಹತ್ತಿರ ಬಿಡಬಾರದು. ನಿಫಾ ಬೇರೆ ಜಾತಿ. 2010ರಲ್ಲಿ ಬಾಂಗ್ಲಾದೇಶದಲ್ಲಿ ಶವದ ಸ್ನಾನದಿಂದಲೇ ಸೋಂಕು ದಾಟಿದ್ದು ದಾಖಲಾಗಿದೆ. 2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಫಾ ಬಂದಾಗ ಅಲ್ಲಿಯವರು ಸ್ನಾನ ಬಿಟ್ಟು, ಮುಚ್ಚಿದ ಚೀಲದಲ್ಲೇ ಆಳದ ಗುಂಡಿಗೋ ವಿದ್ಯುತ್ ಚಿತಾಗಾರಕ್ಕೋ ಒಯ್ದದ್ದು ಸರಿಯಾಗಿಯೇ ಇತ್ತು. ನಮ್ಮ ಮಲೆನಾಡಿನ ಮಂಗನ ಕಾಯಿಲೆಯದು ಇನ್ನೂ ಬೇರೆ ಲೆಕ್ಕ: ಸತ್ತ ಮಂಗದ ಮೈಯಿಂದ ಉದುರುವ ಉಣ್ಣೆ ಎಂಬ ರಕ್ತ ಹೀರುವ ಹುಳು ಅಪಾಯಕಾರಿ, ಅದಕ್ಕೇ ಸುತ್ತ 50 ಅಡಿ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಉದುರಿಸುತ್ತಾರೆ. ಆದರೆ ಅದೇ ಕಾಯಿಲೆಯಿಂದ ತೀರಿಕೊಂಡ ಮನುಷ್ಯರ ಹತ್ತಿರ ಹೋಗಲು ಹೆದರಬೇಕಿಲ್ಲ, ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ.

ಎಬೋಲಾ ಎಲ್ಲಕ್ಕಿಂತ ಕಠಿಣ, ಅದರ ಪಾಠವೂ ಎಲ್ಲಕ್ಕಿಂತ ದೊಡ್ಡದು. 2014ರಲ್ಲಿ ಗಿನಿ, ಸಿಯೆರಾ ಲಿಯೋನ್, ಲೈಬೀರಿಯಾಗಳಲ್ಲಿ ಶವ ತೊಳೆಯುವುದು, ಮುಟ್ಟಿ ಬೀಳ್ಕೊಡುವುದು ಸೋಂಕಿನ ದೊಡ್ಡ ದಾರಿಯಾಗಿತ್ತು. ಮೊದಲು ಬಿಳಿ ಉಡುಪಿನ ತಂಡಗಳು ಬಂದು, ಮನೆಯವರನ್ನು ದೂರವಿಟ್ಟು ಶವ ಎತ್ತಿಕೊಂಡು ಹೋದವು. ಪರಿಣಾಮವಾಗಿ ಜನ ರೋಗಿಗಳನ್ನೇ ಬಚ್ಚಿಟ್ಟರು, ರಾತ್ರಿ ಕದ್ದು ಹೂಳಿದರು, ಸೋಂಕು ಇನ್ನಷ್ಟು ಹರಡಿತು. ಆ ವರ್ಷದ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಕ್ರಮ ತಂದು ‘ಸುರಕ್ಷಿತ ಮತ್ತು ಗೌರವಯುತ’ ಸಂಸ್ಕಾರ ಎಂದು ಕರೆಯಿತು. ತಂಡದವರು ಮೊದಲು ಮಾಮೂಲಿ ಬಟ್ಟೆಯಲ್ಲೇ ಮನೆಗೆ ಬಂದು ಕುಟುಂಬದ ಹಿರಿಯರ ಜೊತೆ ಮಾತಾಡಬೇಕು, ಆಮೇಲೆ ರಕ್ಷಣಾ ಉಡುಪು ಹಾಕಬೇಕು. ಗುಂಡಿ ಎಲ್ಲಿ, ಪ್ರಾರ್ಥನೆ ಯಾರದು, ಜೊತೆಗೆ ಏನಿಡಬೇಕು ಎಂಬುದು ಕುಟುಂಬದ ಮಾತು. ಅಷ್ಟು ಭೀಕರವಾದ ರೋಗದಲ್ಲೇ ಇದು ಸಾಧ್ಯವಾಯಿತು ಎಂದ ಮೇಲೆ ಕೋವಿಡ್‌ನಲ್ಲಿ ಮುಖ ತೋರಿಸದಿದ್ದುದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ಊರಲ್ಲಿ ಏನಿರಬೇಕು ಎಂದಿದ್ದೀರಿ. ತಲೆ ಗಟ್ಟಿ ಇರುವ ಆರು ಜನ ಮೊದಲು ಬೇಕು. 60 ದಾಟಿದವರು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಬೇಡ. ಹೊರಲು ನಾಲ್ವರು. ಉಳಿದ ಇಬ್ಬರಲ್ಲಿ ಒಬ್ಬರು ಶರೀರ ಮುಟ್ಟದೆ ಬಾಗಿಲು, ಬಕೆಟ್ಟು, ಹಗ್ಗ ನೋಡಿಕೊಳ್ಳಲಿ, ಮತ್ತೊಬ್ಬರು ಮನೆಯವರ ಪಕ್ಕದಲ್ಲೇ ನಿಂತು ಈಗ ಏನು ನಡೆಯುತ್ತಿದೆ ಎಂದು ಹೇಳುತ್ತಿರಲಿ. ಈ ಆರನೆಯವರನ್ನು ದಂಡ ಎಂದು ಬಿಡಬೇಡಿ, ಜಗಳ ಆಗುವುದೂ ಆಗದಿರುವುದೂ ಅವರ ಮೇಲೆ ನಿಂತಿರುತ್ತದೆ.

ಬ್ಲೀಚಿಂಗ್ ಪೌಡರ್ ಎಲ್ಲ ಪಂಚಾಯಿತಿಯಲ್ಲೂ ಇರುತ್ತದೆ, ಕಲಸುವುದರಲ್ಲೇ ತಪ್ಪು. ಒಳ್ಳೆಯ ಪುಡಿಯಲ್ಲಿ ಕ್ಲೋರಿನ್ ಶೇ 30–33ರಷ್ಟು. ಚೀಲದ ಹೊರಮೈಗೆ, ವಾಹನಕ್ಕೆ ಬೇಕಾದ ಶೇ 1ರ ದ್ರಾವಣಕ್ಕೆ 10 ಲೀಟರ್ ನೀರಿಗೆ 300 ಗ್ರಾಂ. ಬಾಗಿಲ ಚಿಲಕ, ಮಂಚದಂಥವಕ್ಕೆ ಅದರ ಹತ್ತನೇ ಒಂದು ಪಾಲು, 30 ಗ್ರಾಂ ಸಾಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲಸಿ, ತಗಡಿನದಾದರೆ ಕ್ಲೋರಿನ್ ಅದನ್ನು ತಿನ್ನುತ್ತದೆ. ಕಾಲು ಗಂಟೆ ಬಿಟ್ಟರೆ ಸುಣ್ಣದ ಗಸಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಆ ದಿನದ್ದು ಆ ದಿನಕ್ಕೇ, ನಾಳೆಗೆ ಅದರ ಕಸುವು ಇಳಿದಿರುತ್ತದೆ. ವರ್ಷಗಟ್ಟಲೆ ಬಾಯಿ ಬಿಚ್ಚಿಟ್ಟ ಮೂಟೆಯ ಪುಡಿ ಗಂಟುಗಟ್ಟಿ, ವಾಸನೆಯೇ ಇಲ್ಲದಂತಾಗಿದ್ದರೆ ಅದರಿಂದ ಪ್ರಯೋಜನವಿಲ್ಲ. ರಕ್ತ, ಕಫ ಅಂಟಿದ ಕಡೆ ಮೊದಲು ಹಳೇ ಬಟ್ಟೆಯಿಂದ ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಕ್ಲೋರಿನ್ ಆ ಕೊಳೆಯ ಮೇಲೇ ಖರ್ಚಾಗಿ ಹೋಗುತ್ತದೆ. ಆಮೇಲೆ ದ್ರಾವಣದ ಬಟ್ಟೆಯಿಂದ ಒರೆಸಿ 10 ನಿಮಿಷ ಒದ್ದೆಯಾಗಿರಲು ಬಿಡಿ. ಹೊಲಕ್ಕೆ ಔಷಧಿ ಹೊಡೆಯುವ ಪಂಪು ಬೇಡ. ಹನಿ ಹಾರಿ ಕಣ್ಣಿಗೆ ಬೀಳುತ್ತದೆ, ಕೊಳೆ ಸುತ್ತಲೂ ಚಿಮ್ಮುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಬೆರೆಸಿದರೆ ವಿಷಗಾಳಿ ಏಳುತ್ತದೆ. ಸತ್ತವರ ಮುಖದ ಮೇಲೆ, ಬದುಕಿರುವವರ ಮೈಮೇಲೆ ಇದನ್ನು ಎಂದೂ ಎರಚಬಾರದು.

ರಕ್ಷಣಾ ಉಡುಪು (ಪಿಪಿಇ ಕಿಟ್) ಹಾಕುವುದಕ್ಕಿಂತ ಬಿಚ್ಚುವಾಗ ಹೆಚ್ಚು ಜನ ತಪ್ಪುತ್ತಾರೆ. ಸುಸ್ತಾಗಿರುತ್ತದೆ, ಬೆವರು ಇಳಿಯುತ್ತಿರುತ್ತದೆ, ಮೊದಲು ಕೈ ಹೋಗುವುದೇ ಮಾಸ್ಕಿಗೆ. ಮಾಸ್ಕು ಕೊನೆಗೆ. ಮೊದಲು ಗ್ಲೌಸನ್ನು ಒಳಮಗ್ಗುಲು ಹೊರಗೆ ಬರುವಂತೆ ಮಗುಚಿ ತೆಗೆದು ಕೈ ತೊಳೆಯಬೇಕು, ಆಮೇಲೆ ಗೌನು, ಕನ್ನಡಕ, ಮತ್ತೆ ಕೈ ತೊಳೆದು ಹಿಂದಿನ ದಾರ ಹಿಡಿದು ಮಾಸ್ಕು. ಬಿಚ್ಚಿದ್ದನ್ನು ಹಳದಿ ಚೀಲಕ್ಕೆ ಹಾಕಿ ಆಸ್ಪತ್ರೆಯ ತ್ಯಾಜ್ಯದ ಜೊತೆ ಕಳುಹಿಸಿ, ಸ್ಮಶಾನದ ಬೇಲಿಗೆ ಎಸೆಯಬೇಡಿ. ದಹನವಾದರೆ ಚಿತೆಯ ಮೇಲೆ ಶರೀರ ಇಟ್ಟ ಕೂಡಲೇ ದೂರ ಸರಿದು ಪಿಪಿಇ ಕಿಟ್ ಬಿಚ್ಚಿದ ಮೇಲೆಯೇ ಬೆಂಕಿ ಇಡಬೇಕು. ಆ ಉಡುಪು ಪ್ಲಾಸ್ಟಿಕ್, ಕಿಡಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಸ್ಯಾನಿಟೈಸರ್ ಎಂದರೆ ಸ್ಪಿರಿಟ್, ಅದನ್ನು ಚಿತೆಯ ಹತ್ತಿರ ತರಲೇಬಾರದು. ತೀರಿಕೊಂಡವರಿಗೆ ಪೇಸ್‌ಮೇಕರ್ ಇತ್ತೇ ಎಂದು ಆಸ್ಪತ್ರೆಯಲ್ಲೇ ಕೇಳಿ ತೆಗೆಸಿ, ಅದರ ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ. ಬೂದಿಯಲ್ಲಿ ಯಾವ ಸೋಂಕೂ ಉಳಿಯುವುದಿಲ್ಲ. ಆದರೂ 2021ರಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಒಯ್ಯದ ಅಸ್ಥಿ ಐನೂರಕ್ಕೂ ಹೆಚ್ಚು ಮಂದಿಯದು ಉಳಿದು, ಕೊನೆಗೆ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಬಿಡಬೇಕಾಯಿತು.

ಕೂಡಿಸಿ ಮಣ್ಣು ಮಾಡುವ ವಿಷಯ. ಪ್ರಾಣ ಹೋದ ಎರಡು ಮೂರು ಗಂಟೆಗೆ ದವಡೆ ಕತ್ತು ಸೆಟೆಯಲು ಶುರುವಾಗಿ, 12 ಗಂಟೆಯೊಳಗೆ ಇಡೀ ಶರೀರ ಸೆಟೆದುಕೊಳ್ಳುತ್ತದೆ. ಹೊರಗಿದ್ದರೆ ಒಂದು, ಒಂದೂವರೆ ದಿನಕ್ಕೆ ಸಡಿಲವಾಗುತ್ತದೆ, 4 ಡಿಗ್ರಿಯ ಶೀತಪೆಟ್ಟಿಗೆಯಲ್ಲಿ ಅದು ಇನ್ನೂ ತಡ. ಆಸ್ಪತ್ರೆಯಲ್ಲಿ ಮಲಗಿದಂತೆಯೇ ಸೆಟೆದ ಕಾಲನ್ನು ಆಮೇಲೆ ಮಡಚಲು ಬಲ ಹಾಕಿದರೆ ಸ್ನಾಯು ಹರಿಯಬಹುದು, ಹೊಟ್ಟೆ ಎದೆ ಒತ್ತಿ ಬಾಯಿಂದ ದ್ರವ ಬರುತ್ತದೆ. ಯಾವುದು ಬೇಡವೋ ಅದೇ ಆಗುತ್ತದೆ. ಉದ್ದನೆಯ ಚೀಲದಲ್ಲಿ ಕೂಡಿಸಲೂ ಬರುವುದಿಲ್ಲ. ಹಾಗಾಗಿ ಮಲಗಿಸಿ ಮಣ್ಣು ಮಾಡಿದ್ದು ನಿಮ್ಮ ಕಡೆಯಿಂದ ಆದ ಲೋಪವಲ್ಲ. ಮುಂದೆ ಯಾರಿಗಾದರೂ ಈ ಹೊತ್ತು ಬಂದರೆ, ಇಷ್ಟಲಿಂಗ ಶರೀರದ ಮೇಲೆ ಇದೆಯೇ ಎಂದು ಜಿಪ್ ಎಳೆಯುವ ಮೊದಲೇ ಸಿಬ್ಬಂದಿಯನ್ನು ಕೇಳಬೇಕು. ದಾಖಲಾಗುವಾಗ ತೆಗೆದು ಬಟ್ಟೆಗಂಟಿನಲ್ಲಿ ಇಟ್ಟಿರುವುದುಂಟು. ವಿಭೂತಿ, ಪತ್ರಿ ಚೀಲದ ಮೇಲಿಡಬಹುದು. ಮುಸ್ಲಿಂ ಕುಟುಂಬಗಳಲ್ಲಿ ನೀರಿನ ಸ್ನಾನದ ಬದಲು ತಯಮ್ಮುಮ್ (ನೀರಿಲ್ಲದೆ ಶುದ್ಧ ಮಣ್ಣಿನಿಂದ ಮಾಡುವ ಶುದ್ಧಿ) ಮಾಡಿ, ಚೀಲದ ಮೇಲೆಯೇ ಕಫನ್ ಬಟ್ಟೆ ಹೊದಿಸಿದವರಿದ್ದಾರೆ. ಧರ್ಮದ ಒಳಗೇ ಇಂಥ ದಾರಿಗಳಿರುತ್ತವೆ, ಹಿರಿಯರನ್ನು ಮೊದಲೇ ಕೂರಿಸಿ ಕೇಳಿಟ್ಟುಕೊಳ್ಳಬೇಕು.

ಬಾವಿಯ ಬಗ್ಗೆ: ಕೋವಿಡ್ ಶವದಿಂದ ಬಾವಿ ನೀರಿಗೆ ರೋಗ ಇಳಿಯುವ ಭಯ ಬೇಡ. ಆದರೆ ಯಾವ ಸಾವೇ ಇರಲಿ, ಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 30 ಮೀಟರ್ ದೂರ ಇರಬೇಕು, ಗುಂಡಿಯ ತಳ ಅಂತರ್ಜಲದ ಮಟ್ಟಕ್ಕಿಂತ ಕನಿಷ್ಠ ಒಂದೂವರೆ ಮೀಟರ್ ಮೇಲಿರಬೇಕು. ಮಳೆಗಾಲದಲ್ಲಿ ಅಗೆದ ಗುಂಡಿಗೆ ನೀರು ಜಿನುಗಿದರೆ ಆ ಜಾಗ ಬಿಡಿ. ಗುಂಡಿಗೆ ಇಳಿಸಲು ಶರೀರದ ಕೆಳಗೆ ಮೂರು ಕಡೆ ಹಗ್ಗ ಹಾಯಿಸಿ ಎರಡೂ ಬದಿಯಿಂದ ನಿಧಾನವಾಗಿ ಬಿಡಬೇಕು. ಹಗ್ಗವಿಲ್ಲದೆ ಇಬ್ಬರೇ ನಿಂತರೆ ಇಳಿಸಲು ಆಗುವುದೇ ಇಲ್ಲ, ಬೀಳಿಸುವುದಷ್ಟೇ. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ವಿಡಿಯೊ ನಾಡೆಲ್ಲ ನೋಡಿತು, ಜಿಲ್ಲಾಡಳಿತ ಕ್ಷಮೆ ಕೇಳಬೇಕಾಯಿತು.

ಕಡೆಯದಾಗಿ ಗುರುತಿನ ಚೀಟಿ. ಅದಲು ಬದಲಾಗುವುದು ಇಲ್ಲೇ. ಹೆಸರನ್ನು ಚೀಲದ ಮೇಲೆ ಮಾರ್ಕರಿನಿಂದ ಬರೆದಿರುತ್ತಾರೆ, ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದಾಗ ಅಕ್ಷರ ಅಳಿಸಿಹೋಗುತ್ತದೆ. ಹೆಸರು, ವಯಸ್ಸು, ಆಸ್ಪತ್ರೆ ಸಂಖ್ಯೆ, ಸತ್ತ ದಿನ, ಹೊತ್ತು ಬರೆದ ಚೀಟಿಯನ್ನು ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ ಒಂದನ್ನು ಕೈಗೋ ಕಾಲಿಗೋ ಕಟ್ಟಬೇಕು, ಅದೇ ಬರಹದ ಇನ್ನೊಂದನ್ನು ಚೀಲಕ್ಕೆ. ಜಿಪ್ ಮುಚ್ಚುವ ಮೊದಲು ಮುಖದ ಒಂದು ಫೋಟೊ ತೆಗೆದು ದಾಖಲೆಗೆ ಸೇರಿಸಬೇಕು. ಒಯ್ಯಲು ಬಂದ ಮನೆಯವರಿಗೆ ಚೀಟಿ ಓದಿಸಿ, ಮುಖ ತೋರಿಸಿ, ಆಮೇಲೆ ಸಹಿ.

ನಿಮ್ಮ ತಂದೆಯವರದ್ದು ಸರ್ಕಾರಿ ಆಸ್ಪತ್ರೆಯಾಗಿದ್ದರೆ ಶವಾಗಾರದ ರಿಜಿಸ್ಟರ್ ಇರಬೇಕು. ಒಳಗೆ ಬಂದ ಹೊತ್ತು, ಹೊರಗೆ ಕೊಟ್ಟ ಹೊತ್ತು, ಯಾರು ಕೊಟ್ಟರು, ಯಾರು ಪಡೆದರು ಎಂದು ಅದರಲ್ಲಿ ಬರೆದಿರುತ್ತಾರೆ. ಆ ಪುಟದ ನಕಲು, ಆಂಬುಲೆನ್ಸ್ ಹೋದ ದಾಖಲೆ, ಫೋಟೊ ತೆಗೆದಿದ್ದರೆ ಅದು ಬೇಕೆಂದು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ನೀವು ಮಗ ಎಂಬುದಕ್ಕೆ ದಾಖಲೆ, ಮರಣ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. 30 ದಿನದಲ್ಲಿ ಉತ್ತರ ಕೊಡಬೇಕು. ಆ ದಿನ ಹೊರಗೆ ಹೋದ ಶರೀರಗಳ ಹೊತ್ತನ್ನು ನಿಮ್ಮೂರ ಸ್ಮಶಾನದಲ್ಲಿ ಮಣ್ಣಾದ ಹೊತ್ತಿನ ಪಕ್ಕ ಇಟ್ಟು ನೋಡಿ. ಎರಡೂ ತಾಳೆಯಾದರೆ ಆ ಪುಟವನ್ನು ಅವ್ವನ ಎದುರು ಕೂತು, ಬೆರಳಿಟ್ಟು, ಸಾಲು ಸಾಲಾಗಿ ಓದಿ ಹೇಳಿ. ಅರ್ಜಿ ಬರೆಯುವುದರಲ್ಲಿ ತೊಡಕಾದರೆ ಕರಡು ಕಳುಹಿಸಿ, ತಿದ್ದಿ ಕೊಡುತ್ತೇವೆ.

– ಸಂಪಾದಕರು