ಗಲ್ಫ್ ಪತ್ರ: ‘ಫ್ರೀ’ ವೀಸಾಕ್ಕೆ ಒಂದೂವರೆ ಲಕ್ಷ!

ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಹೊಸ ಓದುಗರಿಗೆ ಒಂದು ಮಾತು: ನಾನು ವಕೀಲನಲ್ಲ. ದಮ್ಮಾಮ್, ಜುಬೈಲ್ ಕಡೆಯ ಲೇಬರ್ ಕ್ಯಾಂಪುಗಳಲ್ಲಿ 21 ವರ್ಷ ಟೈಮ್‌ಕೀಪರ್ ಆಗಿದ್ದವನು. ಯಾರು ಎಷ್ಟು ಗಂಟೆಗೆ ಬಂದ, ಎಷ್ಟು ಗಂಟೆಗೆ ಹೋದ ಅಂತ ಬರೆಯುವುದು ನನ್ನ ಕೆಲಸ. ಈಗ ಕುಂದಾಪುರದ ಹತ್ತಿರ ಮನೆ, ನಾಲ್ಕು ತೆಂಗಿನ ಮರ.

ಪ್ರಶ್ನೆ: ಅಕ್ಕನ ಮಗನಿಗೆ ಸೌದಿಯಲ್ಲಿ ಹೌಸ್ ಡ್ರೈವರ್ ‘ಫ್ರೀ ವೀಸಾ’ ಇದೆಯಂತೆ. ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಅಲ್ಲಿಗೆ ಹೋದ ಮೇಲೆ ಎಲ್ಲಿ ಬೇಕಾದರೂ ದುಡಿಯಬಹುದು ಅಂತಾರೆ. ಕಳಿಸೋಣವಾ? (ಬಂಟ್ವಾಳದಿಂದ)

ಬೇಡ.

ಒಂದೂವರೆ ಲಕ್ಷ ಕೊಟ್ಟು ತಗೊಳ್ಳುವುದು ಫ್ರೀ ಹೇಗಾಗುತ್ತದೆ ಅಂತ ನೀವಾದರೂ ಕೇಳಬೇಕಿತ್ತು, ಅಲ್ವಾ? ‘ಫ್ರೀ ವೀಸಾ’ ಎಂಬುದು ಸೌದಿ ಕಾನೂನಿನಲ್ಲಿ ಇಲ್ಲವೇ ಇಲ್ಲ. ಅದು ನಮ್ಮವರ ಬಾಯಲ್ಲಿ ಮಾತ್ರ ಇರುವ ವೀಸಾ. ಅಲ್ಲಿ ಕೆಲಸದ ವೀಸಾ ಬರುವುದೇ ಒಬ್ಬ ಕಫೀಲನ ಹೆಸರಲ್ಲಿ, ಅಂದರೆ ವೀಸಾ ತೆಗೆಸಿಕೊಡುವ ಅಲ್ಲಿನ ಮಾಲೀಕನ ಹೆಸರಲ್ಲಿ. ಕೆಲವು ಕಫೀಲರು ಕೆಲಸವೇ ಇಲ್ಲದೆ ವೀಸಾ ತೆಗೆಸಿ ಮಾರುತ್ತಾರೆ. ನಡುವೆ ಇಬ್ಬರು ಮೂವರು ಕೈ ಹಾಕುತ್ತಾರೆ. ಕೊಂಡವನು ಅಲ್ಲಿ ಹೋಗಿ ಸಿಕ್ಕಿದ ಕೆಲಸ ಮಾಡುತ್ತಾನೆ. ಮತ್ತೆ ವರ್ಷ ವರ್ಷ ಇಕಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿ, ರಿನ್ಯೂ ಮಾಡಿಸಲು ಅದೇ ಕಫೀಲನಿಗೆ ಕಪ್ಪ ಕೊಡಬೇಕು. ಕಫೀಲ ಬಿಟ್ಟು ಬೇರೆಯವರ ಹತ್ತಿರ ದುಡಿಯುವುದು ಅಪರಾಧ. ಅಂದರೆ ಮೊದಲ ದಿನದಿಂದಲೇ ನಿಮ್ಮ ಹುಡುಗ ತಪ್ಪಿನಲ್ಲಿ ಇರುತ್ತಾನೆ.

ನನ್ನ ರೂಮಿನಲ್ಲಿ ಹೆಬ್ರಿ ಕಡೆಯವನೊಬ್ಬ ಇದ್ದ. ಟೈಲ್ಸ್ ಕೆಲಸದಲ್ಲಿ ಕೈ ಭಾರಿ ಚುರುಕು. ಇಕಾಮಾದಲ್ಲಿ ಮಾತ್ರ ಡ್ರೈವರ್ ಅಂತ ಇತ್ತು. ಸೈಕಲ್ ಬಿಟ್ಟು ಬೇರೆ ಏನೂ ಓಡಿಸಲು ಬರುತ್ತಿರಲಿಲ್ಲ ಪುಣ್ಯಾತ್ಮನಿಗೆ. ಒಂದು ವರ್ಷ ಕಫೀಲ ದುಡ್ಡು ಡಬಲ್ ಕೇಳಿದ. ಇವನು ಇಲ್ಲ ಅಂದ. ಕಫೀಲ ‘ಹುರೂಬ್’ ಹಾಕಿದ, ಅಂದರೆ ಕೆಲಸದವನು ಓಡಿಹೋದ ಅಂತ ದೂರು. ಇವನು ಎಲ್ಲಿಗೂ ಓಡಿರಲಿಲ್ಲ. ನಮ್ಮ ರೂಮಿನಲ್ಲೇ ಚಪಾತಿ ಲಟ್ಟಿಸುತ್ತಿದ್ದ. ಗೊತ್ತಾದದ್ದು ಮೂರು ತಿಂಗಳ ಮೇಲೆ, ಬ್ಯಾಂಕಿನಲ್ಲಿ ದುಡ್ಡು ಕಳಿಸಲು ಹೋದಾಗ. ಆಮೇಲೆ ತರ್ಹೀಲ್, ಅಂದರೆ ಗಡೀಪಾರಿನವರನ್ನು ಕೂಡಿಡುವ ಜಾಗ. ಅಲ್ಲಿಂದ ಔಟ್‌ಪಾಸ್, ಅಂದರೆ ಊರಿಗೆ ಮರಳಲು ಕೊಡುವ ತುರ್ತು ಕಾಗದ, ಹಿಡಿದು ಬಂದ.

ಅಕ್ರಮ ವಲಸಿಗ ಅಂದ ಕೂಡಲೇ ರಾತ್ರಿ ಬೇಲಿ ಹಾರಿದವನ ಚಿತ್ರ ಕಣ್ಣಿಗೆ ಬರುತ್ತದೆ. ನಾನು ನೋಡಿದ ಹೆಚ್ಚಿನವರು ವೀಸಾ, ಸೀಲು ಎಲ್ಲ ಸರಿ ಇಟ್ಟುಕೊಂಡೇ ವಿಮಾನದಿಂದ ಇಳಿದವರು. ಕೂತಲ್ಲೇ ಅಕ್ರಮವಾದರು.

ಈಗ ಕಾಲ ಬದಲಾಗಿದೆ ಅಂತ ಏಜೆಂಟ್ ಹೇಳಬಹುದು. ಅದು ಪೂರ್ತಿ ಸುಳ್ಳಲ್ಲ. 2021ರ ಮಾರ್ಚ್‌ನಿಂದ ಸೌದಿಯಲ್ಲಿ ಕಂಪನಿ ಕೆಲಸದವನು ಒಂದು ವರ್ಷ ದುಡಿದ ಮೇಲೆ, ಕಫೀಲನ ಒಪ್ಪಿಗೆ ಇಲ್ಲದೆ ಬೇರೆ ಕಡೆ ಸೇರಬಹುದು. ಊರಿಗೆ ಬಂದು ವಾಪಸ್ ಹೋಗಲು ಬೇಕಾದ ರೀ-ಎಂಟ್ರಿ ವೀಸಾವನ್ನೂ ತಾನೇ ಹಾಕಿಕೊಳ್ಳಬಹುದು. ಆದರೆ ಆ ಸುಧಾರಣೆ ತಂದಾಗ ಐದು ಕೆಲಸದವರನ್ನು ಹೊರಗೆ ಇಟ್ಟರು: ಮನೆಗೆಲಸದವರು, ಮನೆ ಕಾಯುವವರು, ತೋಟದವರು, ಕುರಿ ಕಾಯುವವರು ಮತ್ತು ಹೌಸ್ ಡ್ರೈವರ್. ನಿಮಗೆ ಮಾರುತ್ತಿರುವುದು ಸರಿಯಾಗಿ ಅದೇ ವೀಸಾ.

ಪ್ರಶ್ನೆ: ನನ್ನ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಅಂತ ಇದೆ. ಏಜೆಂಟ್ ‘ಸುಮ್ನೆ ರಗಳೆ ಬೇಡ, ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿ, ಅಲ್ಲೇ ಚೇಂಜ್ ಮಾಡಿಸೋಣ’ ಅನ್ನುತ್ತಾನೆ. (ಭದ್ರಾವತಿಯಿಂದ)

ರಗಳೆ ನಿಮಗಲ್ಲ, ಅವನಿಗೆ. ಹೇಗೆ ಅಂತ ಹೇಳುತ್ತೇನೆ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಎಂದು ಅಚ್ಚಾಗಿರುತ್ತದೆ. ಅಂಥವರು ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುಂಚೆ ಸರ್ಕಾರದ ಕ್ಲಿಯರೆನ್ಸ್ ಪಡೆಯಬೇಕು. 1983ರ ಎಮಿಗ್ರೇಷನ್ ಕಾಯ್ದೆಯಲ್ಲಿ ಬಂದ ವ್ಯವಸ್ಥೆ ಇದು. ಕೆಲಸ ಕೊಡುವವನು ಯಾರು, ಸಂಬಳ ಎಷ್ಟು, ಕರಾರಿನಲ್ಲಿ ಏನಿದೆ ಎಲ್ಲ ಸರ್ಕಾರದ ವೆಬ್‌ಸೈಟ್ ಇ-ಮೈಗ್ರೇಟ್‌ನಲ್ಲಿ ದಾಖಲಾಗುತ್ತದೆ. ಲೈಸೆನ್ಸ್ ಇರುವ ಏಜೆಂಟ್ ನಿಮ್ಮಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ತೆಗೆದುಕೊಳ್ಳುವಂತಿಲ್ಲ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಲೇಬೇಕು. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ. ಎರಡು ವರ್ಷಕ್ಕೆ ಪ್ರೀಮಿಯಂ 275 ರೂಪಾಯಿ. ಒಂದು ಊಟದ ಖರ್ಚು.

ವಿಸಿಟ್‌ನಲ್ಲಿ ಹೋದರೆ ಇದ್ಯಾವುದೂ ಇಲ್ಲ. ನೀವು ಕಾಗದದ ಮೇಲೆ ಬುರ್ಜ್ ಖಲೀಫಾ ನೋಡಲು ಹೋದವರು. ನಾಳೆ ಸಂಬಳ ಸಿಗಲಿಲ್ಲ ಅಂತ ದೂರು ಕೊಡಲು ಹೋದರೆ, ‘ಟೂರಿಸ್ಟಿಗೆ ಎಂಥ ಸಂಬಳ?’ ಅಂತಾರೆ. ಏಜೆಂಟಿನ ಲೈಸೆನ್ಸ್ ನಂಬರ್ ಕೇಳಿ, ಇ-ಮೈಗ್ರೇಟ್‌ನಲ್ಲಿ ನೀವೇ ಹುಡುಕಿ ನೋಡಿ. ಬೆಂಗಳೂರಿನಲ್ಲೂ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿ ಇದೆ, ಹೋಗಿ ವಿಚಾರಿಸಬಹುದು. ನಂಬರ್ ಕೇಳಿದ ಕೂಡಲೇ ಅವನು ಸಿಟ್ಟಾದರೆ ಅಲ್ಲೇ ಉತ್ತರ ಸಿಕ್ಕಿತು.

ಪ್ರಶ್ನೆ: ನನಗೆ 27 ವರ್ಷ. ಎಂಟನೇ ಕ್ಲಾಸ್ ಓದಿದ್ದೇನೆ. ಕುವೈತಿಗೆ ಮನೆಗೆಲಸಕ್ಕೆ ಹೋಗಲು 30 ಆಗಬೇಕಂತೆ. ಗಂಡಸರಿಗೆ ಯಾಕಿಲ್ಲ ಈ ರೂಲು? (ದಾವಣಗೆರೆಯಿಂದ)

ಸರಿಯಾದ ಪ್ರಶ್ನೆ ಕೇಳಿದಿ ತಂಗಿ. ಇಸಿಆರ್ ಪಾಸ್‌ಪೋರ್ಟ್ ಇರುವ ಹೆಂಗಸರಿಗೆ ಆ 18 ದೇಶಗಳಲ್ಲಿ ಕೆಲಸಕ್ಕೆ 30 ತುಂಬಿರಬೇಕು. 2016ರಿಂದ ನೇಮಕವೂ ಸರ್ಕಾರಿ ಏಜೆನ್ಸಿಗಳ ಮೂಲಕವೇ ಆಗಬೇಕು. ಮನೆಯೊಳಗೆ ಹಿಂಸೆ ಆದರೆ ಹೊರಗಿನವರಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಕಾಪಾಡಲು ಅಂತ ಸರ್ಕಾರದ ವಾದ. ಹಿಂಸೆ ಇದೆ, ಅದು ಸುಳ್ಳಲ್ಲ. ಆದರೆ ನನಗೆ ಈ ರೂಲು ಒಪ್ಪಿಗೆಯಿಲ್ಲ. ಹೊಟ್ಟೆಪಾಡು 30 ತುಂಬುವವರೆಗೆ ಕಾಯುವುದಿಲ್ಲ. ಬಾಗಿಲು ಮುಚ್ಚಿದರೆ ಜನ ಕಿಟಕಿಯಲ್ಲಿ ಹೋಗುತ್ತಾರೆ: ವಿಸಿಟ್ ವೀಸಾ, ಮೂರನೇ ದೇಶದ ದಾರಿ, ತಿದ್ದಿದ ವಯಸ್ಸು. ಕಾಪಾಡಬೇಕಾದವಳ ಹೆಸರು ಆಗ ಯಾವ ದಾಖಲೆಯಲ್ಲೂ ಇರುವುದಿಲ್ಲ. ಕಾಪಾಡುವುದಾದರೆ ಅಲ್ಲಿನ ಮಾಲೀಕನನ್ನು ಹಿಡಿಯಬೇಕು.

ನನ್ನ ಸಲಹೆ ಕೇಳು. ಖಾಸಗಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟು. ಪಾಸಾದರೆ ಹೊಸ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಇರುವುದಿಲ್ಲ, ಆಗ ಮನೆಗೆಲಸ ಬಿಟ್ಟು ಬೇರೆ ಕೆಲಸವನ್ನೂ ನೋಡಬಹುದು. ನಿನಗಿಂತ ದೊಡ್ಡವರು ಕಟ್ಟಿ ಪಾಸಾಗಿದ್ದಾರೆ.

ಪ್ರಶ್ನೆ: ಮಗ ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಎಚ್-1ಬಿ ಎಂಬ ಕೆಲಸದ ವೀಸಾ. ಕಳೆದ ಸಂಚಿಕೆಯಲ್ಲಿ ನೀವು ಅಮೆರಿಕದವರನ್ನೂ ‘ವಲಸೆ ಕಾರ್ಮಿಕರು’ ಎಂದು ಬರೆದದ್ದು ಅವನಿಗೆ ಬೇಸರವಾಗಿದೆ. (ಬೆಂಗಳೂರಿನಿಂದ)

ಬೇಸರ ಮಾಡಿಕೊಳ್ಳಬೇಡಿ ಅಂತ ಹೇಳಿ ಸಾರ್. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಪರದೇಶದಲ್ಲಿ ನೆಲೆಸಿದ್ದವರು ಸುಮಾರು 30.4 ಕೋಟಿ. ಅದರಲ್ಲಿ ನಿಮ್ಮ ಮಗನೂ ಒಬ್ಬ, ನನ್ನ ಹೆಬ್ರಿಯ ಗೆಳೆಯನಂಥವರೂ ಸೇರಿದ್ದಾರೆ. ನಮ್ಮ ಸೈಟಿನಲ್ಲಿ ಬ್ರಿಟಿಷ್ ಎಂಜಿನಿಯರ್‌ಗೆ ‘ಎಕ್ಸ್‌ಪ್ಯಾಟ್’ ಅನ್ನುತ್ತಿದ್ದರು, ನಮಗೆ ‘ಲೇಬರ್’. ಬಂದದ್ದು ಎಲ್ಲರೂ ಸಂಬಳಕ್ಕೇ.

ಇನ್ನೊಂದು ವಿಷಯ. ಎಚ್-1ಬಿಯಲ್ಲಿ ಇರುವವರ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಸ್ಪಾನ್ಸರ್ ಸಿಗಬೇಕು, ಇಲ್ಲವೇ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಅದೂ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ಕಫೀಲ್ ಎಂಬ ಅರಬಿ ಪದಕ್ಕೂ ಇಂಗ್ಲಿಷಿನಲ್ಲಿ ಸ್ಪಾನ್ಸರ್ ಅಂತಲೇ ಹೇಳುತ್ತಾರೆ. ಎಚ್-1ಬಿಯವರು ಕಂಪನಿ ಬದಲಿಸಬಹುದು, ಕೋರ್ಟಿಗೆ ಹೋಗಬಹುದು, ಅವರ ಪಾಸ್‌ಪೋರ್ಟ್ ಯಾರೂ ಕಪಾಟಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಅದು ದೊಡ್ಡ ವ್ಯತ್ಯಾಸ, ಒಪ್ಪುತ್ತೇನೆ. ಆದರೂ ಲೇಆಫ್ ಸುದ್ದಿ ಬಂದ ರಾತ್ರಿ ನಿಮ್ಮ ಮಗನಿಗೆ ನಿದ್ದೆ ಬರುತ್ತದಾ ಕೇಳಿ ನೋಡಿ.

ಪ್ರಶ್ನೆ: ನಾವು ಊರಿಗೆ ಇಷ್ಟು ದುಡ್ಡು ಕಳಿಸುತ್ತೇವೆ. ಮಸ್ಕತ್‌ನಿಂದಲೇ ಓಟು ಹಾಕುವ ವ್ಯವಸ್ಥೆ ಇಲ್ಲವಾ? (ಈಗ ರಜೆಯಲ್ಲಿರುವ ಉಳ್ಳಾಲದ ಓದುಗ)

ಇಲ್ಲ. ಫಾರ್ಮ್ 6ಎ ತುಂಬಿ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಓಟಿನ ದಿನ ಒರಿಜಿನಲ್ ಪಾಸ್‌ಪೋರ್ಟ್ ಹಿಡಿದು ಊರಿನ ಬೂತಿಗೇ ಬರಬೇಕು. ದುಡ್ಡು ಫೋನಿನಲ್ಲಿ ಒಂದು ನಿಮಿಷಕ್ಕೆ ಬರುತ್ತದೆ, ಓಟಿಗೆ ಮಾತ್ರ ವಿಮಾನದ ಟಿಕೆಟ್ ಬೇಕು. ರಜೆಯಲ್ಲಿ ಇದ್ದೀರಲ್ಲ, ಫಾರ್ಮ್ ಈಗಲೇ ಕೊಟ್ಟು ಹೋಗಿ.