ಜೋಳದ ನಾಡಿನಿಂದ ಜೋಳದ ನಾಡಿಗೆ

ಸವಣೂರು ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: ‘ಧಾರವಾಡದಲ್ಲಿ ಕೃಷಿ ಪದವಿ ಪಡೆದ ನನ್ನ ಮಗಳು ನೆರವು ಸಂಸ್ಥೆಯೊಂದರ ಕೆಲಸಕ್ಕೆ ದಕ್ಷಿಣ ಸುಡಾನಿಗೆ ಹೊರಟಿದ್ದಾಳೆ. ನಮ್ಮ ರೈತರೇ ಸಾಲದಲ್ಲಿರುವಾಗ ಅಷ್ಟು ದೂರದವರ ಊರು ಕಟ್ಟಲು ಇವಳು ಹೋಗಬೇಕೇ? ಹೋದರೂ ಇವಳಿಂದ ಆಗುವುದೇನು?’

ಮಾಸ್ತರರೇ, ನಮಸ್ಕಾರ.

ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ದಕ್ಷಿಣ ಸುಡಾನ್ 2011ರ ಜುಲೈ 9ರಂದು ಸ್ವತಂತ್ರವಾಯಿತು. ಎರಡೂವರೆ ವರ್ಷ ತುಂಬುವ ಮೊದಲೇ, 2013ರ ಡಿಸೆಂಬರ್‌ನಲ್ಲಿ, ಒಳಯುದ್ಧ ಹೊತ್ತಿಕೊಂಡಿತು. 2018ರಲ್ಲಿ ಶಾಂತಿ ಒಪ್ಪಂದವಾದರೂ ಕಾದಾಟ ಪೂರ್ತಿ ನಿಂತಿಲ್ಲ. ಆ ಜನರ ಮುಖ್ಯ ಆಹಾರ ನಮ್ಮದೇ ಜೋಳ. ನಾವು ರೊಟ್ಟಿ ಬಡಿದರೆ ಅವರು ಹುಳಿ ಬಂದ ಹಿಟ್ಟನ್ನು ದೋಸೆಗಿಂತ ತೆಳ್ಳಗೆ ಹರಡಿ ‘ಕಿಸ್ರಾ’ ಮಾಡುತ್ತಾರೆ. ನಿಮ್ಮ ಮಗಳಿಗೆ ಆ ಹೊಲ ಪರಕೀಯವಲ್ಲ.

ಆದರೆ ಜೋಳ ಬಲ್ಲೆನೆಂಬ ಧೈರ್ಯವೊಂದೇ ಸಾಲದು. 1994ರಲ್ಲಿ ಆಫ್ರಿಕಾದ ಇನ್ನೊಂದು ದೇಶ ರುವಾಂಡಾದಲ್ಲಿ ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನರ ಹತ್ಯೆಯಾಯಿತು. ಅಲ್ಲಿನ ಹುರುಳಿಕಾಯಿ ಬೀಜದ ತಳಿಗಳೂ ಅಳಿದುಹೋದವೆಂದು ಹೊರಗಿನವರು ಹೆದರಿದ್ದರು. ಹೋಗಿ ನೋಡಿದಾಗ ಬಹುಪಾಲು ತಳಿಗಳು ರೈತರ ಮನೆಗಳಲ್ಲಿ, ಸಂತೆಗಳಲ್ಲಿ ಉಳಿದಿದ್ದವು. ಕುಸಿದದ್ದು ಸರ್ಕಾರಿ ವ್ಯವಸ್ಥೆಯನ್ನು ನಂಬಿದ್ದ ಆಲೂಗಡ್ಡೆ ಬೀಜ. ಸಂತೆಯಲ್ಲಿ ಬೀಜವಿತ್ತು, ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಈಗ ಹಲವೆಡೆ ಬೀಜದ ಚೀಲ ಹಂಚುವ ಬದಲು ದುಡ್ಡಿನಂತೆ ನಡೆಯುವ ಚೀಟಿ ಕೊಟ್ಟು ಬೀಜದ ಸಂತೆ ಏರ್ಪಡಿಸುತ್ತಾರೆ. ತನ್ನ ಮಣ್ಣಿಗೆ ಒಗ್ಗುವುದನ್ನು ರೈತ ಮಹಿಳೆಯೇ ಮುಟ್ಟಿ ನೋಡಿ ಆರಿಸುತ್ತಾಳೆ, ದುಡ್ಡೂ ಅದೇ ಸೀಮೆಯಲ್ಲಿ ಉಳಿಯುತ್ತದೆ.

ಬೀಜ ಕೊಡುವಾಗ ಊಟಕ್ಕೂ ಕಾಳು ಕೊಡಬೇಕಾಗುತ್ತದೆ, ಇಲ್ಲದಿದ್ದರೆ ಹಸಿದ ಮನೆ ಬಿತ್ತನೆಯ ಕಾಳನ್ನೇ ಬೇಯಿಸುತ್ತದೆ. ಔಷಧ ಲೇಪಿಸಿದ ಬೀಜವಾದರೆ ಅದು ವಿಷ. ಮಳೆ ಹಿಡಿದರೆ ದಕ್ಷಿಣ ಸುಡಾನಿನ ಕಚ್ಚಾರಸ್ತೆಗಳಲ್ಲಿ ಲಾರಿ ಸಾಗದು, ಬೇಸಿಗೆಯಲ್ಲೇ ಎಲ್ಲವೂ ಹಳ್ಳಿ ಸೇರಬೇಕು. ಹದ ತಪ್ಪಿ ಬಂದ ಬೀಜದ ಗತಿ ಏನೆಂದು ಎರೆಹೊಲದವರಾದ ನಿಮಗೆ ನಾನು ಹೇಳಬೇಕೇ?

ಬಾವಿಯದೂ ಸೂಕ್ಷ್ಮ ವಿಚಾರ. ಅಲ್ಲಿ ಬಾಳು ನಿಂತಿರುವುದು ದನಗಳ ಮೇಲೆ. ಯಾರ ದನ ಎಲ್ಲಿ ನೀರು ಕುಡಿಯಬೇಕೆಂಬುದನ್ನು ಇತ್ಯರ್ಥ ಮಾಡದೆ ಬೋರ್‌ವೆಲ್ ಕೊರೆದರೆ ಅದೇ ಹೊಸ ಜಗಳದ ಬಾಯಿ. 1999ರಲ್ಲಿ ಅಲ್ಲಿನ ವುನ್‌ಲಿಟ್ ಎಂಬಲ್ಲಿ ಡಿಂಕಾ ಮತ್ತು ನುಯೆರ್ ಎಂಬ ದನ ಸಾಕುವ ಎರಡು ಬುಡಕಟ್ಟುಗಳ ಮುಖಂಡರು ಕೂಡಿ ಹುಲ್ಲುಗಾವಲು, ನೀರಿನ ಬಗ್ಗೆ ಒಪ್ಪಂದ ಮಾಡಿಕೊಂಡಿದ್ದರು. ಚರ್ಚುಗಳು ಸಭೆ ಕೂಡಿಸಿದವು, ಮಾತಾಡಿದವರು ಊರಿನವರು.

ನಮ್ಮ ರೈತರ ಮಾತಿಗೆ ಬರುತ್ತೇನೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಗದಗ ಜಿಲ್ಲೆಯ ಕೊಣ್ಣೂರಿಗೆ ನುಗ್ಗಿದಾಗ ನಾನು ಅಲ್ಲಿದ್ದೆ. ದಾನವಾಗಿ ಬಂದ ಹಳೆಯ ಬಟ್ಟೆ ರಸ್ತೆ ಬದಿ ಗುಡ್ಡೆಯಾಗಿ ನೆನೆಯುತ್ತಿತ್ತು. ಅಜ್ಜಿಯೊಬ್ಬರು ನನ್ನನ್ನು ತಡೆದು ಕೇಳಿದರು: ‘ರೊಟ್ಟಿ ಕೊಡುವವರು ಬಹಳ ಜನ ಬಂದರು ತಮ್ಮಾ, ಹಿಂಗಾರಿಗೆ ಜೋಳದ ಬೀಜ ಯಾರು ಕೊಡುತ್ತಾರೆ?’ ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ತೂಕ ತಿಳಿದವರು ಬೇಕು, ಇಲ್ಲಿಯೂ ಅಲ್ಲಿಯೂ. ಒಂದು ಕಡೆ ಹೋದದ್ದು ಇನ್ನೊಂದು ಕಡೆಗೆ ದ್ರೋಹವೆಂದು ನಾನು ಒಪ್ಪಲಾರೆ.

ಭಯದ ಬಗ್ಗೆ ನೀವು ಒಂದು ಸಾಲನ್ನೂ ಬರೆದಿಲ್ಲ, ಆದರೆ ಪತ್ರದ ತುಂಬ ಇರುವುದು ಅದೇ. ಆ ಭಯ ಸುಳ್ಳಲ್ಲ. ನೆರವಿನ ಕೆಲಸಗಾರರಿಗೆ ಅದು ಅಪಾಯದ ದೇಶ, ಪ್ರಾಣ ತೆತ್ತವರಲ್ಲಿ ಹೆಚ್ಚಿನವರು ಅಲ್ಲಿಯವರೇ. ವಾಸ ಎಲ್ಲಿ, ಗುಂಡಿನ ಸದ್ದು ಕೇಳಿದರೆ ಕರೆದೊಯ್ಯುವವರು ಯಾರು, ವಿಮೆ ಎಷ್ಟು ಎಂದು ಸಂಸ್ಥೆಯನ್ನು ಬರಹದಲ್ಲಿ ಕೇಳಿ. ಉತ್ತರ ತಡವರಿಸಿದರೆ ತಡೆಯಿರಿ. ಸ್ಪಷ್ಟವಾಗಿದ್ದರೆ, ಹೊರಡುವ ಮುನ್ನ ನಿಮ್ಮೂರಿನಲ್ಲಿ ಇಂದಿಗೂ ಮನೆಬೀಜ ಕಾಯ್ದಿಡುವ ಹಿರಿಯರ ಬಳಿ ಮಗಳು ಒಂದು ದಿನ ಕುಳಿತು ಬರಲಿ.